ಪೋಷಕರೆಂದರೆ ಯಾರು?



ಈ ಸಲದ ವಿಷಯ ಕಂಡು ಕೆಲವರು ಪುಟ ಮಗುಚಿಬಿಡಬಹುದು. ಮಠಗಳಲ್ಲಿ ಓದುವ ಪತ್ರಿಕೆಗೆ ಇದು ಸಲ್ಲದು ಎನ್ನುವವರೂ ಇದ್ದಾರು. ಆದರೂ ಬರೆಯುತ್ತಿದ್ದೇನೆ. ಹದಿನೆಂಟು ತುಂಬದ ಹುಡುಗಿ ಬಸುರಿಯಾಗಿ, ಅದನ್ನು ಹೆತ್ತವರಿಗೆ ಹೇಳಲಾರದೆ ಇದ್ದರೆ, ಗರ್ಭ ತೆಗೆಸಿಕೊಳ್ಳಲು ಕಾನೂನಿನಲ್ಲಿ ಅವಳಿಗೆ ಏನು ದಾರಿ ಇದೆ ಎಂಬುದು ಪ್ರಶ್ನೆ.

ನಾನು ಕೂತು ಕಲ್ಪಿಸಿಕೊಂಡ ಪ್ರಶ್ನೆ ಇದಲ್ಲ. ನಿವೃತ್ತನಾಗಿ ಬೆಸಗರಹಳ್ಳಿಯಲ್ಲಿ ನೆಲೆಸಿದ ಮೇಲೆ ಮದ್ದೂರು, ಮಳವಳ್ಳಿ ಕಡೆಯ ಗೋಷ್ಠಿಗಳಿಗೆ ಹೋಗಿಬರುತ್ತಿರುತ್ತೇನೆ. ಒಂದು ಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುವ ಹೊತ್ತಿನಲ್ಲಿ ಆಶಾ ಕಾರ್ಯಕರ್ತೆಯೊಬ್ಬರು ಪಕ್ಕಕ್ಕೆ ಕರೆದು ಕೇಳಿದರು: “ಅಪ್ಪನ ಸಹಿ ಇಲ್ದೆ ಆಸ್ಪತ್ರೇಲಿ ಮುಟ್ಟಾಕಿಲ್ವಂತೆ, ಕೋರ್ಟಿಗೇ ಹೋಗ್ಬೇಕಂತೆ, ನಿಜವಾ ಸಾರ್?” ಯಾರ ವಿಷಯ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಂಜಿನಿಯರನಾದ ನನಗೆ ಕಾನೂನು ಕೈಬಂದ ವಿದ್ಯೆಯಲ್ಲ. ಆದರೆ ಕಾಯ್ದೆ, ನಿಯಮ, ಸುತ್ತೋಲೆಗಳನ್ನು ಬೆರಳಿಟ್ಟು ಸಾಲುಸಾಲಾಗಿ ಓದುವ ಅಭ್ಯಾಸ ಸರ್ಕಾರಿ ನೌಕರಿ ಕಲಿಸಿದೆ. ಹಾಗೆ ಓದಿದ್ದನ್ನು ಇಲ್ಲಿ ಇಡುತ್ತಿದ್ದೇನೆ.

ವೈದ್ಯಕೀಯ ಗರ್ಭಪಾತ ಕಾಯ್ದೆ ನಮ್ಮ ದೇಶದಲ್ಲಿ ಬಂದದ್ದು 1971ರಲ್ಲಿ. ವಯಸ್ಕ ಹೆಂಗಸಾದರೆ ಅವಳೊಬ್ಬಳ ಒಪ್ಪಿಗೆ ಸಾಕು. ಗಂಡನ ಸಹಿಯಾಗಲಿ ಅತ್ತೆಯ ಸಹಿಯಾಗಲಿ ಬೇಕಿಲ್ಲ. 18 ತುಂಬದವಳಾದರೆ ಅವಳ ಪೋಷಕರ ಲಿಖಿತ ಒಪ್ಪಿಗೆ ಬೇಕು. ನಮ್ಮ ಜನ ಎಡವುವುದು ಈ ‘ಪೋಷಕ’ ಎಂಬ ಮಾತಿನಲ್ಲಿ. ಶಾಲೆಯ ಅಂಕಪಟ್ಟಿಯಲ್ಲಿ ‘ತಂದೆ/ಪೋಷಕರ ಸಹಿ’ ಎಂದಿರುತ್ತದಲ್ಲ, ಅದನ್ನು ನೋಡಿ ನೋಡಿ ಪೋಷಕರೆಂದರೆ ತಂದೆಯೇ ಎಂದು ತಲೆಯಲ್ಲಿ ಕೂತುಬಿಟ್ಟಿದೆ. ಕಾಯ್ದೆಯ 2ನೇ ಸೆಕ್ಷನ್ ಹಾಗೆ ಹೇಳುವುದಿಲ್ಲ. ಅಪ್ರಾಪ್ತೆಯ ಪಾಲನೆ ಯಾರ ಕೈಯಲ್ಲಿದೆಯೋ ಅವರು ಪೋಷಕರು. ತಾಯಿ ಆಗಬಹುದು. ಸಾಕುತ್ತಿರುವ ಅಜ್ಜಿ ಆಗಬಹುದು. ಹೆತ್ತವರು ಬೆಂಗಳೂರಿನ ಗಾರ್ಮೆಂಟ್ಸಿಗೆ ದುಡಿಯಲು ಹೋಗಿ ಮಗಳನ್ನು ಊರಿನಲ್ಲಿ ಬಿಟ್ಟಿದ್ದರೆ, ಅವಳನ್ನು ನೋಡಿಕೊಳ್ಳುತ್ತಿರುವ ಚಿಕ್ಕಮ್ಮನೋ ಸೋದರತ್ತೆಯೋ ಆಗಬಹುದು. ಯಾರೂ ಇಲ್ಲದಿದ್ದರೆ, ಅಥವಾ ಅಪಾಯ ಮನೆಯೊಳಗೇ ಇದ್ದರೆ, ಮಕ್ಕಳ ಕಲ್ಯಾಣ ಸಮಿತಿ ಇದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ರಕ್ಷಣೆಗೆ ತೆಗೆದುಕೊಳ್ಳುವ, ಮಗು ನಿಜವಾಗಿ ಯಾರ ಸುಪರ್ದಿನಲ್ಲಿದೆ ಎಂದು ಗುರುತಿಸುವ ಅಧಿಕಾರ ಈ ಸಮಿತಿಗಿದೆ.

ಕೋರ್ಟಿನ ಮಾತಿಗೆ ಬರುವ ಮೊದಲು ವಾರಗಳ ಲೆಕ್ಕ ತಿಳಿಯಬೇಕು. ವೈದ್ಯರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರದು ಬೇಕು. ಈ ಎರಡನೆಯ ಅವಕಾಶ 2021ರ ತಿದ್ದುಪಡಿಯಲ್ಲಿ ಬಂದದ್ದು. ಅದು ಯಾರಿಗೆ ಎಂದು ನಿಯಮಗಳಲ್ಲಿ ಹೆಸರಿಸಿರುವವರಲ್ಲಿ ಅಪ್ರಾಪ್ತ ಹುಡುಗಿಯರೂ ಅತ್ಯಾಚಾರಕ್ಕೆ ಗುರಿಯಾದವರೂ ಇದ್ದಾರೆ. ಗರ್ಭ ಮುಂದುವರಿದರೆ ತಾಯಿಯ ದೇಹಕ್ಕೋ ಮನಸ್ಸಿಗೋ ಗಂಭೀರ ಹಾನಿ ಎಂದು ವೈದ್ಯರಿಗೆ ತೋರಬೇಕು ಎಂಬ ಷರತ್ತು ಇದೆ. ಅತ್ಯಾಚಾರದಿಂದಾದ ಗರ್ಭವೆಂದು ಅವಳು ಹೇಳಿದರೆ ಆ ಹಾನಿಯನ್ನು ಕಾಯ್ದೆಯೇ ಊಹಿಸಿಕೊಳ್ಳುತ್ತದೆ. ಹೀಗೆ 24 ವಾರದೊಳಗೆ ಪೋಷಕರೊಬ್ಬರ ಒಪ್ಪಿಗೆ ಇದ್ದರೆ ಯಾವ ನ್ಯಾಯಾಲಯದ ಅನುಮತಿಯೂ ಬೇಕಿಲ್ಲ. ಆ ಕಾರ್ಯಕರ್ತೆ ಕೇಳಿದ್ದಕ್ಕೆ ಉತ್ತರ ಇಷ್ಟೇ.

ಇಷ್ಟೇ ಆದರೆ ಜನ ಕೋರ್ಟಿಗೆ ಏಕೆ ಅಲೆಯುತ್ತಾರೆ? ವೈದ್ಯರ ಹೆದರಿಕೆ ಒಂದು ಕಾರಣ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ದೊಡ್ಡ ತೀರ್ಪು ಕೊಟ್ಟಿತು. ಆಗ ನ್ಯಾಯಮೂರ್ತಿಗಳಾಗಿದ್ದ ಡಿ.ವೈ. ಚಂದ್ರಚೂಡ್ ಅವರ ಜೊತೆ ಪೀಠದಲ್ಲಿದ್ದ ಇಬ್ಬರಲ್ಲಿ ಒಬ್ಬರು ನಮ್ಮ ಕೊಡಗಿನ ಎ.ಎಸ್. ಬೋಪಣ್ಣ. ಮನೆಯವರ ಒಪ್ಪಿಗೆ ತನ್ನಿ, ಕಾಗದಪತ್ರ ತನ್ನಿ, ಕೋರ್ಟಿನ ಆದೇಶ ತನ್ನಿ ಎಂದು ವೈದ್ಯರು ಕಾಯ್ದೆಯಲ್ಲಿಲ್ಲದ ಷರತ್ತು ಹಾಕುತ್ತಿದ್ದಾರೆ, ಅದಕ್ಕೆ ಯಾವ ಆಧಾರವೂ ಇಲ್ಲ ಎಂದು ಆ ತೀರ್ಪು ಹೇಳಿದೆ. ವೈದ್ಯರನ್ನು ಬರಿದೇ ದೂರುವುದು ನನ್ನ ಉದ್ದೇಶವಲ್ಲ. ಸರ್ಕಾರಿ ಕುರ್ಚಿಯಲ್ಲಿ ಕೂತವನಿಗೆ ‘ಮೇಲಿನಿಂದ ಆದೇಶ ಬರಲಿ’ ಎನ್ನುವುದು ಎಷ್ಟು ಸುರಕ್ಷಿತ ಎಂದು ನನಗೆ ಗೊತ್ತು. ಕಡತ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗಿಬರಲು ತಿಂಗಳಾಗುತ್ತದೆ, ಯಾರೂ ತಪ್ಪು ಮಾಡಿದಂತಾಗುವುದಿಲ್ಲ. ಸೇತುವೆ ಕಾಮಗಾರಿಯಾದರೆ ಒಂದು ಮಳೆಗಾಲ ತಡವಾಗಬಹುದು. ಇಲ್ಲಿ ತಿಂಗಳೊಂದು ಕಳೆದರೆ ನಾಲ್ಕು ವಾರ ಹೋಯಿತು, 22 ವಾರದ ಹುಡುಗಿ 26 ವಾರದವಳಾದಳು.

ಎರಡನೆಯ ಕಾರಣ ಪೋಕ್ಸೊ. 2012ರ ಈ ಕಾಯ್ದೆಯ ಪ್ರಕಾರ 18ರ ಒಳಗಿನ ಹುಡುಗಿಯ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಗರ್ಭ ನಿಂತಿದೆ ಎಂದರೆ ಅಪರಾಧ ನಡೆದಿದೆ ಎಂದೇ ಅರ್ಥ. ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು, ವೈದ್ಯರೂ ಹೊರತಲ್ಲ. ಕೆಡುಕು ಮಾಡಿದವನು ನೆಂಟನೋ ನೆರೆಯವನೋ ಆಗಿದ್ದರೆ ಈ ಕಾಯ್ದೆ ಹುಡುಗಿಯ ಬೆನ್ನಿಗೆ ನಿಲ್ಲುತ್ತದೆ. ಆದರೆ ಒಟ್ಟಿಗೆ ಪಿಯುಸಿ ಓದುವ ಹುಡುಗನೇ ಆಗಿದ್ದರೆ? ಪೊಲೀಸು, ಊರು, ಬೀದಿಮಾತು ಎಲ್ಲ ನೆನೆದು ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಇಲ್ಲ. ಯಾರಿಂದಲೋ ಮೆಡಿಕಲ್ ಶಾಪಿನ ಮಾತ್ರೆ ತರಿಸಿ ನುಂಗುತ್ತಾಳೆ. ಮೊದಲ ವಾರಗಳಲ್ಲಿ ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಳ್ಳಬೇಕಾದ ಮಾತ್ರೆಯನ್ನು ನಾಲ್ಕನೆಯ ತಿಂಗಳಲ್ಲಿ ಹಿತ್ತಿಲಲ್ಲಿ ಕೂತು ನುಂಗಿದರೆ ರಕ್ತ ಹರಿದು ಪ್ರಾಣ ಹೋಗಬಹುದು. ಅದೇ 2022ರ ತೀರ್ಪು ಈ ಗಂಟನ್ನು ಸ್ವಲ್ಪ ಸಡಿಲಿಸಿದೆ: ಹುಡುಗಿ ಮತ್ತು ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಮಾಹಿತಿ ಕೊಡುವಾಗ ಅವಳ ಹೆಸರು ವಿವರ ಬರೆಯಬೇಕಿಲ್ಲ. ಇನ್ನು ಗರ್ಭಪಾತ ಮಾಡಿಸಿಕೊಂಡವಳ ಹೆಸರನ್ನು ಅನಧಿಕೃತವಾಗಿ ಹೊರಗೆ ಬಿಟ್ಟರೆ ವೈದ್ಯರಿಗೇ ಒಂದು ವರ್ಷದವರೆಗೆ ಜೈಲು. ಇದು ನಮ್ಮ ಊರುಗಳಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಅರ್ಧ ಭಯ ಕಳೆಯುತ್ತದೆ.

ನ್ಯಾಯಾಲಯ ನಿಜವಾಗಿ ಬೇಕಾಗುವುದು ಎರಡು ಸಂದರ್ಭದಲ್ಲಿ. ಒಂದು, ಸಾಮಾನ್ಯವಾಗಿ 24 ವಾರ ದಾಟಿದಾಗ. ಇನ್ನೊಂದು, ಪೋಷಕರು ಸಹಿ ಹಾಕಲು ಒಪ್ಪದೆ ಹುಡುಗಿ ಪಟ್ಟು ಹಿಡಿದಾಗ. ಆಗ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ಹುಡುಗಿ ಅಪ್ರಾಪ್ತೆಯಾದ್ದರಿಂದ ಅವಳ ಪರವಾಗಿ ದೊಡ್ಡವರೊಬ್ಬರು ಅರ್ಜಿದಾರರಾಗಿ ನಿಲ್ಲಬೇಕು. ಆ ದೊಡ್ಡವರು ತಂದೆಯೇ ಆಗಬೇಕೆಂದಿಲ್ಲ. ಕೋರ್ಟು ವೈದ್ಯರ ಮಂಡಳಿಯಿಂದ ವರದಿ ತರಿಸಿಕೊಂಡು ತೀರ್ಮಾನಿಸುತ್ತದೆ. ವಕೀಲರ ಫೀಜು ಎಲ್ಲಿಂದ ತರುವುದು ಎಂದು ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ವರಮಾನ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಮಂಡ್ಯದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ.

ಅಮೆರಿಕದಲ್ಲಿ ಮಕ್ಕಳನ್ನು ಬಿಟ್ಟಿರುವ ನಮ್ಮ ಕೆಲವು ಓದುಗರು ಅಲ್ಲಿಯ ಪದ್ಧತಿ ಕೇಳಿರಬಹುದು. ಹೆತ್ತವರ ಒಪ್ಪಿಗೆ ಕಡ್ಡಾಯವಿರುವ ಎಷ್ಟೋ ರಾಜ್ಯಗಳಲ್ಲಿ ಹುಡುಗಿ ಗುಟ್ಟಾಗಿ ನ್ಯಾಯಾಧೀಶರ ಮುಂದೆ ಹೋಗಿ, ತನಗೆ ತಿಳುವಳಿಕೆ ಇದೆ ಎಂದೋ ಇದೇ ತನಗೆ ಒಳಿತು ಎಂದೋ ಮನವರಿಕೆ ಮಾಡಿ ಅನುಮತಿ ಪಡೆಯಬಹುದು. 1979ರ ಅಲ್ಲಿಯ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ದಾರಿ ಅದು. 2022ರಲ್ಲಿ ಅದೇ ಕೋರ್ಟು ಗರ್ಭಪಾತದ ಸಾಂವಿಧಾನಿಕ ಹಕ್ಕನ್ನೇ ತೆಗೆದುಹಾಕಿದ ಮೇಲೆ ಹಲವು ರಾಜ್ಯಗಳಲ್ಲಿ ಆ ದಾರಿಗೆ ಅರ್ಥವೇ ಉಳಿದಿಲ್ಲ. ನಮ್ಮಲ್ಲಿ ಅಂಥ ಪ್ರತ್ಯೇಕ ಅರ್ಜಿ ಇಲ್ಲ. ಆದರೆ ‘ಪೋಷಕ’ ಎಂಬ ಮಾತು ನಮ್ಮಲ್ಲಿ ಅಗಲವಾಗಿದೆ. ಬಳಸಬೇಕಾದದ್ದು ಅದನ್ನು.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಚಂಡೀಗಢದ ಮಗು ಸಾಕ್ಷಿ. 2017ರಲ್ಲಿ ಹತ್ತು ವರ್ಷದ ಆ ಹುಡುಗಿ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದಾಗಲೇ ಹೆತ್ತವರಿಗೆ ವಿಷಯ ತಿಳಿದದ್ದು. ಅಷ್ಟರಲ್ಲಿ ಏಳು ತಿಂಗಳು. ಆ ಹಂತದಲ್ಲಿ ಗರ್ಭಪಾತ ಕ್ಷೇಮವಲ್ಲ ಎಂದು ವೈದ್ಯರು ಹೇಳಿದ್ದರಿಂದ ಸುಪ್ರೀಂ ಕೋರ್ಟ್ ಜುಲೈನಲ್ಲಿ ಅನುಮತಿ ನಿರಾಕರಿಸಿತು. ಆಗಸ್ಟಿನಲ್ಲಿ ಆ ಮಗು ಮಗುವನ್ನು ಹೆತ್ತಳು. ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಅಪ್ರಾಪ್ತೆಯರ ಇಂಥ ಅರ್ಜಿಗಳನ್ನು ಕೇಳಿ ಅನುಮತಿ ಕೊಟ್ಟದ್ದಿದೆ. ಅತ್ಯಾಚಾರಕ್ಕೊಳಗಾದ ಹುಡುಗಿ ಗರ್ಭಿಣಿ ಎಂದು ತಿಳಿದ ಕೂಡಲೇ, ಗರ್ಭ ತೆಗೆಸುವ ಅವಕಾಶವಿದೆ ಎಂಬುದನ್ನು ಅವಳಿಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕೆಂದು ಅಧಿಕಾರಿಗಳಿಗೆ ನಿರ್ದೇಶನವನ್ನೂ ಕೊಟ್ಟಿದೆ.

ಹುಡುಗಿಯ ಮಾತು ಎರಡೂ ಕಡೆಗೆ ನಡೆಯಬೇಕು. 1993ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಬಂದದ್ದು ತಿರುಗುಮುರುಗಾದ ಪ್ರಕರಣ: ತಂದೆ ಗರ್ಭ ತೆಗೆಸಬೇಕೆಂದ, ಹದಿನಾರರ ಮಗಳು ಬೇಡವೆಂದಳು. ಕೋರ್ಟು ಮಗಳ ಮಾತು ಎತ್ತಿಹಿಡಿಯಿತು. 2024ರ ಏಪ್ರಿಲಿನಲ್ಲಿ ಮುಂಬೈ ಕಡೆಯ 14 ವರ್ಷದ ಹುಡುಗಿಗೆ ಸುಪ್ರೀಂ ಕೋರ್ಟ್ ಮೊದಲು ಅನುಮತಿ ಕೊಟ್ಟು, ವಾರದೊಳಗೆ ಹೆತ್ತವರು ಮನಸ್ಸು ಬದಲಿಸಿದ್ದರಿಂದ ಆದೇಶ ಹಿಂಪಡೆಯಿತು. ಆ ತೀರ್ಪಿನಲ್ಲೇ, ಪೋಷಕರ ಮಾತಿಗೂ ಹುಡುಗಿಯ ಮಾತಿಗೂ ಹೊಂದಿಕೆಯಾಗದಿದ್ದಾಗ ಅವಳ ಅಭಿಪ್ರಾಯಕ್ಕೆ ಕೋರ್ಟುಗಳು ಮಹತ್ವ ಕೊಡಬೇಕು ಎಂದೂ ಬರೆಯಿತು. ಪೋಷಕರ ಸಹಿ ಎಂದರೆ ಹುಡುಗಿಯ ಬಾಯಿ ಮುಚ್ಚುವ ಪರವಾನಗಿಯಲ್ಲ.

ಈಗ ನಮ್ಮವರ ಆಕ್ಷೇಪಕ್ಕೆ ಬರುತ್ತೇನೆ. ಎಂಟನೆಯ ತಿಂಗಳಲ್ಲಿ ಗರ್ಭಕ್ಕೇ ಲಿಂಗಧಾರಣೆ ಮಾಡುವ ಸಂಸ್ಕಾರವುಳ್ಳ ನಾವು ಗರ್ಭಪಾತದ ದಾರಿ ತೋರಿಸುವುದೇ ಎಂದು ಹಿರಿಯರೊಬ್ಬರು ನನ್ನನ್ನು ನೇರವಾಗಿ ಕೇಳಿದರು. ಸುಲಭವಾಗಿ ತಳ್ಳಿಹಾಕುವ ಪ್ರಶ್ನೆ ಅದಲ್ಲ. ಆ ಸಂಸ್ಕಾರ ಮನೆಮಂದಿಯೆಲ್ಲ ಕಾದು ಕೂತಿರುವ ಕೂಸಿಗೆ. ಇನ್ನೂ ಬೆಳೆದು ಮುಗಿಯದ ಮೈಯವಳು, ಹೇಳಲು ಬಾಯಿಲ್ಲದವಳು, ಎಷ್ಟೋ ಸಲ ತಿಳಿದವರಿಂದಲೇ ಕೆಟ್ಟವಳು. ಅವಳನ್ನು ಹೆರಲೇಬೇಕೆಂದು ಕೂರಿಸುವುದು ಯಾವ ಸಂಸ್ಕಾರ? ಮುಟ್ಟಿಗೂ ಹೆರಿಗೆಗೂ ಸೂತಕವಿಲ್ಲ ಎಂದ ಶರಣರ ಮಾರ್ಗದವರು ನಾವು. ಬಸುರಾದ ಹುಡುಗಿಯನ್ನು ಮಾತ್ರ ಸೂತಕದಂತೆ ದೂರ ಇಡುತ್ತೇವೆ.

ಇನ್ನೊಂದು ಮಾತು. 2023ರ ಕೊನೆಯಲ್ಲಿ ಇದೇ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಹೆಣ್ಣೆಂದು ತಿಳಿದರೆ ತೆಗೆಸುತ್ತಿದ್ದರು. ಅಲ್ಲಿಗೆ ಹೋದವರು ಮದುವೆಯಾದ ಮರ್ಯಾದಸ್ಥರ ಮನೆಯವರು. ಬೆಲ್ಲ ಕಾಯಿಸುವ ಜಾಗದಲ್ಲಿ ನಡೆದದ್ದರ ಬಗ್ಗೆ ನಮ್ಮ ಗೋಷ್ಠಿಗಳಲ್ಲಿ ಎಷ್ಟು ಮಂದಿ ಬಾಯಿಬಿಟ್ಟರು? ಅದು ಕಾನೂನಿನ ಪ್ರಕಾರ ಅಪರಾಧ. ನಾನು ಹೇಳುತ್ತಿರುವುದು ಕಾನೂನೇ ಕೊಟ್ಟಿರುವ ಅವಕಾಶ. ಎರಡಕ್ಕೂ ‘ಗರ್ಭಪಾತ’ ಎಂಬ ಒಂದೇ ಹೆಸರಿರುವುದರಿಂದ ಗೊಂದಲ ಮಾಡಿಕೊಳ್ಳಬಾರದು.

ಹೆತ್ತವರನ್ನು ಬದಿಗೆ ಸರಿಸಿ ಎಂದು ನಾನು ಹೇಳುತ್ತಿಲ್ಲ. ಬಹಳ ಮನೆಗಳಲ್ಲಿ ತಾಯಿಗೆ ಹೇಳಿದರೆ ತಾಯಿ ಸೆರಗಿನಲ್ಲಿ ಮುಚ್ಚಿಕೊಂಡು ಕಾಪಾಡುತ್ತಾಳೆ. ಹೇಳಲಾಗದ ಮನೆಗಳೂ ಇವೆ. 2011ರಲ್ಲಿ ನಮ್ಮ ಮದ್ದೂರು ತಾಲ್ಲೂಕಿನ ಆಬಲವಾಡಿಯಲ್ಲಿ ಜಾತಿ ಮೀರಿ ಪ್ರೀತಿಸಿದ ಹುಡುಗಿಯ ಕೊಲೆ ಆದದ್ದನ್ನು ಈ ಸೀಮೆಯ ಹೆಣ್ಣುಮಕ್ಕಳು ಮರೆತಿಲ್ಲ. ಕೆಲವು ಕಡೆ ಪರಿಹಾರವೆಂದು ಆ ಹುಡುಗನಿಗೇ ಕೊಟ್ಟು ತಾಳಿ ಕಟ್ಟಿಸುವುದುಂಟು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ತಾಳಿ ಕಟ್ಟಿದರೂ ಪೋಕ್ಸೊ ಅಪರಾಧ ಅಳಿಯುವುದಿಲ್ಲ; ಮಾಡಿಸಿದವರ ಮೇಲೂ ಕೇಸು ಬರುತ್ತದೆ.

ನಮ್ಮ ಮಠಗಳಿಗೆ ಈ ವಿಷಯ ಹೊರಗಿನದಲ್ಲ. ಉಚಿತ ಪ್ರಸಾದ ನಿಲಯಗಳನ್ನು ನಡೆಸುತ್ತಿದ್ದೇವೆ, ಹೆಣ್ಣುಮಕ್ಕಳನ್ನು ವರ್ಷದ ಹತ್ತು ತಿಂಗಳು ನಮ್ಮ ಸುಪರ್ದಿನಲ್ಲಿ ಇಟ್ಟುಕೊಳ್ಳುತ್ತೇವೆ. ಪಾಲನೆ ಯಾರ ಕೈಯಲ್ಲಿದೆಯೋ ಅವರು ಪೋಷಕರು ಎಂಬ ಸಾಲನ್ನು ವಾರ್ಡನ್ನುಗಳೂ ಆಡಳಿತ ಮಂಡಳಿಯವರೂ ಇನ್ನೊಮ್ಮೆ ಓದಿಕೊಳ್ಳಲಿ. ಹುಡುಗಿ ವಾಂತಿ ಮಾಡಿಕೊಂಡದ್ದು ಕಂಡು ಟಿ.ಸಿ. ಕೊಟ್ಟು ಬಸ್ಸು ಹತ್ತಿಸುವುದು ಪಾಲನೆಯಲ್ಲ, ಅಪರಾಧವನ್ನು ಮುಚ್ಚಿಟ್ಟಂತೆ. ಮಾಹಿತಿ ಕೊಡದಿದ್ದರೆ ಆರು ತಿಂಗಳವರೆಗೆ ಜೈಲು. ತನ್ನ ಕೈಕೆಳಗಿನವನು ಮಾಡಿದ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥ ತಿಳಿಸದಿದ್ದರೆ ಒಂದು ವರ್ಷದವರೆಗೆ. ಕಾವಿ ಉಟ್ಟವರಿಗೆ ಕಾಯ್ದೆ ವಿನಾಯಿತಿ ಕೊಟ್ಟಿಲ್ಲ, ಕೊಡಲೂಬಾರದು.

ನಾನು ಕೇಳುವುದು ಹೆಚ್ಚಿನದೇನಲ್ಲ. ಪ್ರತಿ ಪ್ರಸಾದ ನಿಲಯದಲ್ಲಿ ಆಡಳಿತಕ್ಕೆ ಸೇರದ ಒಬ್ಬ ಹೆಣ್ಣುಮಗಳನ್ನು, ಊರಿನ ನಿವೃತ್ತ ನರ್ಸೋ ಶಿಕ್ಷಕಿಯೋ ಆಗಲಿ, ಮಕ್ಕಳು ಹೆದರದೆ ಮಾತಾಡಬಹುದಾದವರನ್ನು ಗೊತ್ತುಮಾಡಬೇಕು. ಅವರಿಗೆ ಮಕ್ಕಳ ಕಲ್ಯಾಣ ಸಮಿತಿಯ ಕಚೇರಿ ಎಲ್ಲಿದೆ, ಮಿಮ್ಸ್ ಆಸ್ಪತ್ರೆಯಲ್ಲಿ ಯಾರನ್ನು ಕಾಣಬೇಕು ಎಂಬುದು ಮೊದಲೇ ತಿಳಿದಿರಬೇಕು. ಮಕ್ಕಳ ಸಹಾಯವಾಣಿ 1098, ಕಾನೂನು ನೆರವಿನ 15100 ಈ ಎರಡು ಸಂಖ್ಯೆಗಳನ್ನು ಕಚೇರಿಯ ಗೋಡೆಗಲ್ಲ, ಸ್ನಾನದ ಮನೆಯ ಬಾಗಿಲ ಒಳಬದಿಗೆ ಅಂಟಿಸಬೇಕು. ಅಲ್ಲಾದರೆ ಯಾರೂ ನೋಡುತ್ತಿಲ್ಲವೆಂದು ಹುಡುಗಿ ನಿಂತು ಓದಿಕೊಂಡಾಳು. ಬೆಸಗರಹಳ್ಳಿ, ಮದ್ದೂರು, ಮಳವಳ್ಳಿ ಕಡೆಯ ಗೋಷ್ಠಿಗಳಲ್ಲಿ ಈ ಬಗ್ಗೆ ಮಾತಾಡಲು ಕಾನೂನು ಸೇವೆಗಳ ಪ್ರಾಧಿಕಾರದವರನ್ನು ಕರೆಯೋಣ. ಕರೆದರೆ ಬರುತ್ತಾರೆ, ಖರ್ಚಿಲ್ಲ. ಯಾವ ಯಾವ ನಿಲಯಗಳು ಇದನ್ನು ಮಾಡಿದವು ಎಂದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹೆಸರು ಹಾಕುತ್ತೇವೆ. ಮಾಡಲು ಒಪ್ಪದವರು ಏಕೆ ಎಂದು ಬರೆದು ಕಳಿಸಲಿ, ಅದನ್ನೂ ಅಚ್ಚು ಮಾಡುತ್ತೇವೆ.