ನಾಳೆ ಎಂಬುದು ಹಣೆಬರಹವಲ್ಲ

ಕೃತಕ ಬುದ್ಧಿಮತ್ತೆಗೆ ಕಟ್ಟುಪಾಡು ಬೇಕು ಎಂದಾಗಲೆಲ್ಲ ನಾಲ್ಕು ಆಕ್ಷೇಪಗಳು ಏಳುತ್ತವೆ. ನಾಲ್ಕರ ತಿರುಳೂ ಒಂದೇ: ಬರುವುದು ಬಂದೇ ತೀರುತ್ತದೆ, ಮನುಷ್ಯ ಹೊಂದಿಕೊಳ್ಳಬೇಕು, ಅಷ್ಟೇ. ಇದು ಚರಿತ್ರೆಗೆ ವಿರುದ್ಧವಾದ ಮಾತು. ಒಂದೊಂದನ್ನೇ ನೋಡೋಣ.

1. ತಂತ್ರಜ್ಞಾನವನ್ನು ತಡೆಯಲು ಯಾರಿಂದಲೂ ಆಗದು

ಹಿಂದೆ ಆಗಿದೆ. ಫ್ರಿಜ್ಜು, ಸ್ಪ್ರೇ ಡಬ್ಬಿಗಳಲ್ಲಿದ್ದ ಸಿಎಫ್‌ಸಿ ರಾಸಾಯನಿಕಗಳು ಓಝೋನ್ ಪದರಕ್ಕೆ ಕುತ್ತು ಎಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲಂಡ್ 1974ರಲ್ಲೇ ಎಚ್ಚರಿಸಿದರು. ಉದ್ಯಮ ಒಪ್ಪಲಿಲ್ಲ. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಆ ಪದರ ಸವೆದಿರುವುದು ಪ್ರಕಟವಾಯಿತು. ಎರಡೇ ವರ್ಷದಲ್ಲಿ ಮಾಂಟ್ರಿಯಲ್ ಒಪ್ಪಂದ ಸಿದ್ಧವಾಯಿತು. ಬಡ ದೇಶಗಳು ಬದಲಿ ತಂತ್ರಜ್ಞಾನಕ್ಕೆ ಹಣ ಕೇಳಿದವು. ಅದಕ್ಕೊಂದು ನಿಧಿ ಏರ್ಪಟ್ಟಿತು. 1992ರಲ್ಲಿ ಭಾರತವೂ ಒಪ್ಪಂದಕ್ಕೆ ಸೇರಿತು. ಇಂದು ವಿಶ್ವಸಂಸ್ಥೆಯ ಎಲ್ಲ ಸದಸ್ಯ ರಾಷ್ಟ್ರಗಳೂ ಅದರಲ್ಲಿವೆ. ಅಂಟಾರ್ಕ್ಟಿಕಾದ ಮೇಲಿನ ಪದರ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳೀತೆಂದು ವಿಜ್ಞಾನಿಗಳ ಅಂದಾಜು. ಇಷ್ಟಾಗಿಯೂ ಯಾರ ಮನೆಯ ಫ್ರಿಜ್ಜೂ ಹೋಗಲಿಲ್ಲ; ಅದರೊಳಗಿನ ಅನಿಲ ಬದಲಾಯಿತು. ಕಟ್ಟುಪಾಡು ಬೇಕೆನ್ನುವವರು ಕೇಳುವುದೂ ಇಷ್ಟನ್ನೇ.

2. ನಾವು ನಿಲ್ಲಿಸಿದರೂ ಎದುರಾಳಿ ನಿಲ್ಲಿಸುವುದಿಲ್ಲ

ಈ ಭಯಕ್ಕೆ ಆಧಾರವಿದೆ. ಜೈವಿಕ ಅಸ್ತ್ರಗಳನ್ನು ನಿಷೇಧಿಸಿದ 1972ರ ಒಪ್ಪಂದಕ್ಕೆ ಸಹಿ ಹಾಕಿದ ಸೋವಿಯತ್ ಒಕ್ಕೂಟವೇ ಗುಟ್ಟಾಗಿ ಅವನ್ನು ತಯಾರಿಸುತ್ತಿತ್ತು. ಆದರೆ ಕೆಲವರು ಮೋಸ ಮಾಡಿದರೆಂದು ಒಪ್ಪಂದಗಳೆಲ್ಲ ವ್ಯರ್ಥವಾಗಲಿಲ್ಲ. 1970ರ ದಶಕದಲ್ಲಿ ಹದಿನೈದರಿಂದ ಇಪ್ಪತ್ತೈದು ದೇಶಗಳ ಕೈಯಲ್ಲಿ ಅಣ್ವಸ್ತ್ರ ಇದ್ದೀತೆಂದು 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಆತಂಕಪಟ್ಟಿದ್ದರು. ಇಂದು ಇರುವುದು ಒಂಬತ್ತು ದೇಶಗಳಲ್ಲಿ, ನಮ್ಮದೂ ಸೇರಿ. ದಕ್ಷಿಣ ಆಫ್ರಿಕವಂತೂ ತಾನೇ ಮಾಡಿಕೊಂಡಿದ್ದ ಬಾಂಬುಗಳನ್ನು ಕಳಚಿಹಾಕಿತು. ಒಂಬತ್ತೂ ಹೆಚ್ಚೇ. ಆದರೂ ಒಪ್ಪಂದ, ತಪಾಸಣೆ, ಒತ್ತಡ ಇವೆಲ್ಲ ಇಲ್ಲದಿದ್ದರೆ ಜಗತ್ತು ಇನ್ನೂ ಭೀಕರವಾಗಿರುತ್ತಿತ್ತು.

3. ಜನಸಾಮಾನ್ಯರಿಗೆ ತಿಳಿಯದು, ತಜ್ಞರಿಗೆ ಬಿಡಿ

ಕುಲಾಂತರಿ ತಳಿಯಾದ ಬಿಟಿ ಬದನೆಗೆ 2009ರಲ್ಲಿ ತಜ್ಞರ ಸಮಿತಿ ಒಪ್ಪಿಗೆ ಕೊಟ್ಟಿತ್ತು. ಆಗ ಪರಿಸರ ಸಚಿವರಾಗಿದ್ದ ಜೈರಾಂ ರಮೇಶ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಬಹಿರಂಗ ಸಭೆ ನಡೆಸಿ, 2010ರ ಫೆಬ್ರುವರಿಯಲ್ಲಿ ಅದನ್ನು ತಡೆಹಿಡಿದರು. ಆ ತೀರ್ಮಾನ ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಬಿತ್ತುವವನೂ ತಿನ್ನುವವಳೂ ವಿಜ್ಞಾನಿಯ ಎದುರು ನಿಂತು ಪ್ರಶ್ನೆ ಕೇಳಿದರು. ಜೀನಿನ ರಚನೆ ತಜ್ಞರಿಗೆ ಗೊತ್ತು. ಬೆಳೆ ಕೈಕೊಟ್ಟರೆ ಸಾಲ ತೀರಿಸುವವರು ಯಾರೆಂಬ ಪ್ರಶ್ನೆ ರೈತನಿಗೆ ಗೊತ್ತು. ತೀರ್ಮಾನಕ್ಕೆ ಎರಡೂ ಬೇಕು.

4. ಹಳೆಯ ಕೆಲಸ ಹೋದರೆ ಹೊಸದು ಹುಟ್ಟುತ್ತದೆ

ಹುಟ್ಟೀತು. ಯಾರಿಗೆ, ಎಷ್ಟು ವರ್ಷಕ್ಕೆ? ಇಂಗ್ಲೆಂಡಿನ ಕೈಮಗ್ಗದ ನೇಕಾರರು ಯಂತ್ರಮಗ್ಗ ಬಂದ ಮೇಲೆ ದಶಕಗಳ ಕಾಲ ಕೂಲಿ ಇಳಿಯುವುದನ್ನೇ ಕಂಡರು. ಗಿರಣಿಗಳಲ್ಲಿ ಪುಟ್ಟ ಮಕ್ಕಳು ದುಡಿದರು. ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಬಹುತೇಕ ಜವಳಿ ಗಿರಣಿಗಳಿಂದ ಹೊರಗಿಟ್ಟದ್ದು 1833ರ ಕಾನೂನು. ಹೆಂಗಸರಿಗೂ ಹದಿಹರೆಯದವರಿಗೂ ದಿನಕ್ಕೆ ಹತ್ತು ಗಂಟೆಯ ಮಿತಿ ಹಾಕಿದ್ದು 1847ರ ಕಾನೂನು. ಉಗಿಯಂತ್ರ ಇವನ್ನು ದಯಪಾಲಿಸಲಿಲ್ಲ. ಕಾರ್ಮಿಕರು ಹೋರಾಡಿ ಪಡೆದರು.

ಈಗ ನಮ್ಮ ಸರದಿ. ಸಾಲ, ನೌಕರಿ, ಪಡಿತರಗಳ ವಿಚಾರದಲ್ಲಿ ಯಂತ್ರವೊಂದು ‘ಇಲ್ಲ’ ಎಂದರೆ, ಕಾರಣವನ್ನು ಅರ್ಜಿದಾರರಿಗೆ ಅವರ ಭಾಷೆಯಲ್ಲೇ ತಿಳಿಸಬೇಕು. ಮೇಲ್ಮನವಿ ಕೇಳಲು ಮನುಷ್ಯರೊಬ್ಬರು ಇರಬೇಕು. ಹಾನಿಯಾದರೆ ಯಂತ್ರ ಮಾಡಿದವರೂ ಬಳಸಿದವರೂ ಹೊಣೆ ಹೊರಬೇಕು. ಈ ಮೂರನ್ನೂ ಕಾನೂನಿನಲ್ಲಿ ಬರೆಯುವುದು ಶಾಸನಸಭೆಗಳ ಕೈಯಲ್ಲಿದೆ. ಬರೆಸುವುದು ನಮ್ಮ ಕೈಯಲ್ಲಿದೆ.