ದಂಡು ಬಯಲು, ಬಗೆ ಗುಟ್ಟು

ಬಳ್ಳಾರಿಯಿಂದ ಉತ್ತರಕ್ಕೆ ಹೊರಟು 25–30 ಕಿಲೋಮೀಟರು ಸಾಗಿದವರಿಗೆ ಕುರುಗೋಡಿನ ಬೆಟ್ಟ ಕಣ್ಣಿಗೆ ಬೀಳುತ್ತದೆ. ಬಂಡೆಯ ಮೇಲೆ ಬಂಡೆಯನ್ನು ಯಾರೋ ಪೇರಿಸಿಟ್ಟಂತಿರುವ ಆ ಬೆಟ್ಟದಲ್ಲಿ ಹಳೆಯ ಕೋಟೆಯ ಅವಶೇಷಗಳುಂಟು. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದ ಸಿಂದರು ಹನ್ನೆರಡನೆಯ ಶತಮಾನದಲ್ಲಿ ಈ ಊರನ್ನೇ ರಾಜಧಾನಿಯಾಗಿ ಮಾಡಿಕೊಂಡು ಆಳಿದರು. ಸಿರುಗುಪ್ಪದ ಕಡೆಗೆ ಹಬ್ಬಿರುವುದು ಎರೆಯ ಬಯಲು. ತುಂಗಭದ್ರೆಯ ಕಾಲುವೆಯ ನೀರು ಹರಿದ ಮೇಲೆ ಅದರಲ್ಲಿ ಬಹುಭಾಗ ಬತ್ತದ ಗದ್ದೆಯಾಗಿದೆ. ಇಂಥ ಬಯಲಿನಲ್ಲಿ ನಡೆದು ಬರುವ ದಂಡನ್ನು ಬಚ್ಚಿಡುವುದು ಯಾವ ದಣ್ಣಾಯಕನಿಂದಲೂ ಆಗುವ ಮಾತಲ್ಲ. ಕೊತ್ತಳದ ಮೇಲಿನ ಕಾವಲುಗಾರ ಏಳುವ ಧೂಳನ್ನು ಕಂಡೇ ಕುದುರೆ ಎಷ್ಟು, ಆನೆ ಎಷ್ಟು ಎಂದು ಅಂದಾಜು ಹೇಳಿಯಾನು. ಆದರೆ ಆ ದಂಡು ಇಲ್ಲಿಯೇ ನಿಲ್ಲುವುದೊ, ಮುಂದಕ್ಕೆ ಹೋಗುವುದೊ, ನಿಂತರೆ ಬೆಳಗಿನ ಜಾವ ಯಾವ ಬಾಗಿಲಿಗೆ ಲಗ್ಗೆ ಹತ್ತುವುದೊ, ಇದನ್ನು ಅವನ ಕಣ್ಣು ಹೇಳಲಾರದು.

ಕಂಡು ತಿಳಿಯುವ ಬಲ ಒಂದು, ಕಾಣದೆ ಉಳಿಯುವ ಬಗೆ ಇನ್ನೊಂದು. ಈ ಎರಡರ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದೇ ಇಂದು ಮೇಜಿನ ಮೇಲೆ ಆಡುವ ಒಂದು ಬಗೆಯ ಯುದ್ಧದಾಟದಲ್ಲಿ ತೀರದ ಜಗಳವಾಗಿದೆ.

ಆಟದ ಪರಿಚಯವಿಲ್ಲದ ವಾಚಕರಿಗೆ ಎರಡು ಮಾತು. ಹೆಬ್ಬೆರಳಿನಷ್ಟು ಎತ್ತರದ ಬೊಂಬೆಗಳಿಗೆ ಆಟಗಾರರೇ ಬಣ್ಣ ಬಳಿದು, ಮೇಜಿನ ಮೇಲೆ ಗುಡ್ಡ, ತೋಪು, ಹಾಳುಗೋಡೆಗಳನ್ನು ಹೂಡಿ, ಅಳತೆಯ ಪಟ್ಟಿಯಿಂದ ನಡೆಯನ್ನು ಅಳೆದು, ದಾಳ ಉರುಳಿಸಿ ಕಾದಾಡುವ ಆಟ ಇದು. ಸೈನಿಕರು ಬರಿಯ ಮನುಷ್ಯರಲ್ಲ. ಯಕ್ಷ-ರಾಕ್ಷಸರಂಥವರು, ಕುಬ್ಜರು, ಮಂತ್ರವಾದಿಗಳು, ಬೆಂಕಿಯುಗುಳುವ ಹಾರುಸರ್ಪಗಳು ಎಲ್ಲರೂ ಉಂಟು. 1983ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ 'ವಾರ್‌ಹ್ಯಾಮರ್' ಇವುಗಳಲ್ಲಿ ಹೆಸರಾದುದು. ಪ್ರತಿಯೊಂದು ಬೊಂಬೆಗೂ, ಅದರ ಆಯುಧಕ್ಕೂ, ಮಂತ್ರಿಸಿದ ಉಂಗುರಕ್ಕೂ ಇಷ್ಟಿಷ್ಟು ಅಂಕವೆಂದು ಬೆಲೆ ಕಟ್ಟಿರುತ್ತದೆ. ಇಬ್ಬರೂ 2000 ಅಂಕವೆಂದೊ, ಬೇರೆಷ್ಟೆಂದೊ ಮೊದಲೇ ಒಪ್ಪಿಕೊಂಡು, ಅಷ್ಟರೊಳಗೆ ತಮಗೆ ಬೇಕಾದ ದಂಡನ್ನು ಕಟ್ಟಿ, ಅದರ ಪಟ್ಟಿಯನ್ನು ಬರೆದು ತರುತ್ತಾರೆ. ಮದುವೆಯ ಮನೆಗೆ ಸಾಮಾನಿನ ಪಟ್ಟಿ ಬರೆಯುವಷ್ಟೇ ಶ್ರದ್ಧೆಯಿಂದ ಬರೆಯುತ್ತಾರೆಂದರೆ ಉತ್ಪ್ರೇಕ್ಷೆಯಲ್ಲ.

ಈ ಪಟ್ಟಿಯನ್ನು ಎದುರಾಳಿಗೆ ತೋರಿಸಬೇಕೆ, ಬೇಡವೆ?

ಬೇಡವೆನ್ನುವವರ ವಾದದಲ್ಲಿ ರುಚಿಯಿಲ್ಲದಿಲ್ಲ. ವಾರ್‌ಹ್ಯಾಮರಿನ ಹಳೆಯ ಆಟದಲ್ಲಿ ಕಪ್ಪು ಮುಸುಕಿನ ಗಾಬ್ಲಿನ್ನರದೊಂದು ಪಡೆಯಿತ್ತು. ನೋಡುವುದಕ್ಕೆ ಬಡಕಲು ಮಂದೆ. ಆದರೆ ಕಬ್ಬಿಣದ ಗುಂಡಿಗೆ ಸರಪಳಿ ಬಿಗಿದು ಗಿರಗಿರನೆ ಬೀಸುತ್ತ ಸುತ್ತುವ ಉನ್ಮತ್ತರನ್ನು, ಮೂವರವರೆಗೆ, ಆ ಗುಂಪಿನೊಳಗೆ ಅಡಗಿಸಿಡಬಹುದಾಗಿತ್ತು. ಶತ್ರು ಎಂಟು ಅಂಗುಲದಷ್ಟು ಹತ್ತಿರ ಬಂದನೆಂದರೆ ಅವರು ಹೊರಕ್ಕೆ ಸಿಡಿಯುವರು. ಒಮ್ಮೆ ಹೊರಬಿದ್ದ ಮೇಲೆ ಅವರಿಗೆ ತಮ್ಮವರು, ಪರರು ಎಂಬ ಭೇದವಿಲ್ಲ. ದಾಳ ತೋರಿದತ್ತ ಉರುಳಿ ಸಿಕ್ಕಿದವರನ್ನು ಜಜ್ಜುವರು. ಯಾವ ಗುಂಪಿನಲ್ಲಿ ಅವರಿದ್ದಾರೆ, ಯಾವುದರಲ್ಲಿ ಇಲ್ಲ ಎಂಬುದು ಎದುರಾಳಿಗೆ ತಿಳಿಯದು. ಆದ್ದರಿಂದ ಖಾಲಿ ಗುಂಪಿಗೂ ಅವನು ಹೆದರಿಯೇ ಹೆಜ್ಜೆ ಇಡಬೇಕು. ಪಟ್ಟಿಯನ್ನು ಮೊದಲೇ ಓದಿ ಹೇಳಿದರೆ ಈ ಸೊಗಸೆಲ್ಲ ಮಣ್ಣುಪಾಲು. ಬಯಲಾಟದಲ್ಲಿ ರಾಕ್ಷಸನು ತೆರೆಯ ಹಿಂದೆ ನಿಂತು ಅಬ್ಬರಿಸುತ್ತಿರುವಾಗ ಯಾರಾದರೂ ತೆರೆ ಸರಿಸಿಬಿಟ್ಟರೆ ಹೇಗೆ?

ಆದರೆ ಇದೇ ಗುಟ್ಟು ಮನೆಯ ಮೇಜಿನ ಮೇಲೆ ಬೇರೊಂದು ಮುಖವನ್ನು ತೋರಿಸುತ್ತದೆ. ರಜೆಯ ಸಂಜೆ ಅಣ್ಣ-ತಮ್ಮ ಆಡಲು ಕುಳಿತಿದ್ದಾರೆಂದಿಟ್ಟುಕೊಳ್ಳೋಣ. ತಮ್ಮ ಬಹಳ ಹೊತ್ತು ಯೋಚಿಸಿ ತನ್ನ ಕುದುರೆಯ ಪಡೆಯನ್ನು ಅಣ್ಣನ ಸೇನಾನಿಯ ಮೇಲೆ ನುಗ್ಗಿಸುತ್ತಾನೆ. ಅಣ್ಣ ನಕ್ಕು, ಆ ಸೇನಾನಿಯ ಬೆರಳಿನಲ್ಲಿ ಮೊದಲ ಏಟನ್ನು ತಡೆಯುವ ಉಂಗುರವುಂಟೆಂದು ಹೇಳುತ್ತಾನೆ. ತಮ್ಮನ ಮುಖ ಸಣ್ಣಗಾಗುತ್ತದೆ. "ಅಣ್ಣಾ, ಅದು ನಿನ್ನ ಚೀಟಿಯಲ್ಲಿ ಮೊದಲೇ ಇತ್ತೇನು?"

ಪ್ರಶ್ನೆ ಇಲ್ಲಿದೆ. ಇತ್ತೆಂದೇ ಇಟ್ಟುಕೊಂಡರೂ ತಮ್ಮ ಅದನ್ನು ನಂಬಬೇಕಾದುದು ಅಣ್ಣನ ಮುಖ ನೋಡಿ. ಅದಕ್ಕಿಂತಲೂ ಮುಖ್ಯವಾದ ಮಾತು ಇನ್ನೊಂದುಂಟು. ಹಲವು ವರ್ಷ ಆಡಿದವನಿಗೆ ಯಾವ ದಂಡಿನಲ್ಲಿ ಯಾವ ಮಾಯೆ ಇರಬಹುದೆಂಬುದು ಬಾಯಿಪಾಠವಾಗಿರುತ್ತದೆ. ಒಂದೊಂದು ದಂಡಿಗೂ ಒಂದೊಂದು ನಿಯಮಗ್ರಂಥ, ಬೆಲೆಯೇನೂ ಅಗ್ಗವಲ್ಲ. ಅವನ್ನೆಲ್ಲ ಕೊಂಡು ಓದಿದವನಿಗೆ ಎದುರಾಳಿಯ ಗುಟ್ಟು ಅರ್ಧ ಮಾತ್ರ ಗುಟ್ಟು. ನಿನ್ನೆ ಮೊನ್ನೆ ಆಟಕ್ಕೆ ಬಂದ ಹುಡುಗನಿಗೆ ಅದು ಪೂರ್ತಿ ಕತ್ತಲೆ. ಮುಚ್ಚಿದ ಪಟ್ಟಿ ಇಬ್ಬರನ್ನೂ ಸಮನಾಗಿ ಕುರುಡಾಗಿಸುವುದಿಲ್ಲ. ಕೈ ಖಾಲಿಯಿರುವವನನ್ನು, ಹೊಸಬನನ್ನು ಹೆಚ್ಚು ಕುರುಡಾಗಿಸುತ್ತದೆ. ಎರಡು ಮೂರು ಸಲ ಹೀಗೆ ಸೋತವನು ನಾಲ್ಕನೆಯ ಸಲ ಆಡಲು ಬರುವುದಿಲ್ಲ. ಇಂದು ಹಲವು ಪಂದ್ಯಾವಳಿಗಳಲ್ಲಿ ಪಟ್ಟಿಗಳನ್ನು ಮೊದಲೇ ಒಪ್ಪಿಸಿ ಎಲ್ಲರಿಗೂ ತಿಳಿಯಪಡಿಸುವ ಪದ್ಧತಿಯನ್ನು ಹಾಕಿಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ.

ಎಲ್ಲವೂ ತಿಳಿದಮೇಲೆ ಆಟದಲ್ಲಿ ಉಳಿಯುವುದೇನು ಎಂದು ಕೇಳುವವರು ಮಹಾಭಾರತವನ್ನು ನೆನೆಯಬಹುದು. ಕೌರವರದು ಹನ್ನೊಂದು ಅಕ್ಷೌಹಿಣಿ, ಪಾಂಡವರದು ಏಳು. ಇದು ಯುದ್ಧಕ್ಕೆ ಮೊದಲೇ ಎಲ್ಲರಿಗೂ ಗೊತ್ತು. ಉದ್ಯೋಗಪರ್ವದಲ್ಲಿ ದುರ್ಯೋಧನನು ಕೇಳಲು ಭೀಷ್ಮನು ಎರಡೂ ಕಡೆಯ ವೀರರಲ್ಲಿ ಯಾರು ರಥಿಕ, ಯಾರು ಅತಿರಥ ಎಂದು ಒಬ್ಬೊಬ್ಬರಿಗೂ ಬೆಲೆ ಕಟ್ಟುತ್ತಾನೆ. ಕರ್ಣನನ್ನು ಅರ್ಧರಥನೆಂದು ಅವನು ಎಣಿಸಿದ್ದೂ, ಅದರಿಂದ ಕೆರಳಿದ ಕರ್ಣ ಭೀಷ್ಮನು ಬೀಳುವ ತನಕ ಆಯುಧ ಹಿಡಿಯದೆ ಉಳಿದದ್ದೂ ತಿಳಿದ ಕಥೆಯೇ. ಇಂದಿನ ಆಟಗಾರರು ಅಂಕದ ಬೆಲೆ ಸರಿಯಿಲ್ಲವೆಂದು ಮುನಿಸಿಕೊಳ್ಳುವುದು ಹೊಸತೇನಲ್ಲ.

ಆ ಕರ್ಣನ ಕೈಯಲ್ಲಿ ಇಂದ್ರನು ಕೊಟ್ಟ ಶಕ್ತ್ಯಾಯುಧವಿತ್ತು. ಒಂದೇ ಸಲ ಎಸೆಯಬಹುದು, ಎಸೆದರೆ ತಪ್ಪದು. ಅದು ಅರ್ಜುನನಿಗೆಂದೇ ಮೀಸಲು. ಕೃಷ್ಣನಿಗೆ ಇದು ತಿಳಿಯದೆ ಇದ್ದಿದ್ದರೆ ಆಟ ಮುಗಿದುಹೋಗುತ್ತಿತ್ತು: ಯಾವುದೊ ಒಂದು ಮಧ್ಯಾಹ್ನ ಅರ್ಜುನ ಬೀಳುತ್ತಿದ್ದ, ಅಷ್ಟೆ. ತಿಳಿದಿದ್ದರಿಂದಲೇ ಕೃಷ್ಣನು ಅರ್ಜುನನನ್ನು ಕರ್ಣನ ಎದುರಿನಿಂದ ತಪ್ಪಿಸುತ್ತ ಬಂದ. ಹದಿನಾಲ್ಕನೆಯ ದಿನದ ರಾತ್ರಿ ಘಟೋತ್ಕಚನನ್ನು ಮುಂದಕ್ಕೆ ಬಿಟ್ಟ. ಕೌರವಸೇನೆ ತತ್ತರಿಸಿದಾಗ ಕರ್ಣ ಬೇರೆ ದಾರಿ ಕಾಣದೆ ಆ ಆಯುಧವನ್ನು ಘಟೋತ್ಕಚನ ಮೇಲೆ ವ್ಯಯಮಾಡಿದ. ಆಯುಧ ಬಯಲಾಗಿತ್ತು, ಅದನ್ನು ಬರಿದು ಮಾಡುವ ಉಪಾಯ ಮಾತ್ರ ಕೃಷ್ಣನ ಎದೆಯಲ್ಲಿತ್ತು. ಮೇಜಿನ ಮೇಲಿನ ಆಟದಲ್ಲಿ ಒಂದೇ ಸಲ ಬಳಸುವ ಮಂತ್ರದಂಡವುಳ್ಳ ಎದುರಾಳಿಯನ್ನು ಎದುರಿಸುವ ಬಗೆಯೂ ಇದೇ. ಮಂತ್ರದಂಡವಿದೆಯೆಂದು ತಿಳಿದಾಗಲೇ ಯೋಚನೆ ಹುಟ್ಟುವುದು. ತಿಳಿಯದವನಿಗೆ ಬರುವುದು ಯೋಚನೆಯಲ್ಲ, ಆಘಾತ.

ನಮ್ಮ ನಾಡಿನ ಆಟಗಳು ಈ ಗೆರೆಯನ್ನು ಬಹುಕಾಲದ ಹಿಂದೆಯೇ ಜಾಣತನದಿಂದ ಎಳೆದಿವೆ. ಕುರುಗೋಡಿನ ಸಿಂದರಿಗೆ ಒಡೆಯರಾಗಿದ್ದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಬರೆಯಿಸಿದ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳ ನಡುವೆ ಚದುರಂಗದ ವಿವರಣೆಯುಂಟು. ಅಲ್ಲಿ ಎರಡೂ ದಂಡು ಬಯಲಲ್ಲಿ, ಮುಚ್ಚಿಡುವುದೇನೂ ಇಲ್ಲ. ಅದಕ್ಕೆ ವಿರುದ್ಧವಾದುದು ಮೈಸೂರಿನ ಗಂಜೀಫಾ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯ ನಡೆಯಲ್ಲಿ ಸಮಸ್ಯೆಗಳನ್ನು ರಚಿಸಿದಷ್ಟೇ ಆಸಕ್ತಿಯಿಂದ ಗಂಜೀಫಾದ ಎಲೆಗಳಿಗೂ ಹೊಸ ಹೊಸ ಮಾದರಿಗಳನ್ನು ಕಲ್ಪಿಸಿದರು. ದಶಾವತಾರದ ಗಂಜೀಫಾದಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಇಷ್ಟು ರಾಜರು, ಇಷ್ಟು ಮಂತ್ರಿಗಳು ಎಂಬುದು ಆಡುವವರೆಲ್ಲರಿಗೂ ಗೊತ್ತು. ಯಾರ ಕೈಯಲ್ಲಿ ಯಾವುದು ಎಂಬುದು ಮಾತ್ರ ಗುಟ್ಟು. ಬಿದ್ದ ಎಲೆಗಳನ್ನು ನೆನಪಿಟ್ಟುಕೊಂಡವನಿಗೆ ಆ ಗುಟ್ಟೂ ಮೆಲ್ಲಮೆಲ್ಲನೆ ತೆರೆದುಕೊಳ್ಳುತ್ತದೆ. ಹಾಲೆಂಡಿನಿಂದ ಹರಡಿದ 'ಸ್ಟ್ರಾಟೆಗೊ' ಆಟದ ಕ್ರಮವೂ ಹೀಗೆಯೇ: ಇಬ್ಬರಿಗೂ ಒಂದೇ ಬಗೆಯ ನಲವತ್ತು ಕಾಯಿ, ಆದರೆ ಕಾಯಿಯ ಮುಖ ಒಡೆಯನ ಕಡೆಗೆ. ಎಲ್ಲರಿಗಿಂತ ಕೀಳಾದ ಗೂಢಚಾರನು ಎಲ್ಲರಿಗಿಂತ ಮೇಲಾದ ಮಾರ್ಷಲನನ್ನು ಕೊಲ್ಲಬಲ್ಲನೆಂಬುದು ಇಬ್ಬರಿಗೂ ತಿಳಿದೇ ಇರುತ್ತದೆ. ಅವನು ನಿಂತ ಮನೆ ಯಾವುದೆಂದು ಮಾತ್ರ ತಿಳಿಯದು.

ನಿಜವಾದ ಯುದ್ಧದಲ್ಲಿ ಎಲ್ಲವೂ ಗುಟ್ಟಲ್ಲವೆ ಎಂಬ ಆಕ್ಷೇಪಕ್ಕೆ ಕುರುಗೋಡಿನ ಆಸುಪಾಸಿನ ಇತಿಹಾಸವೇ ಉತ್ತರ ಹೇಳುತ್ತದೆ. ಹಂಪೆ ಇಲ್ಲಿಗೆ ದೂರವಲ್ಲ. ಕೃಷ್ಣದೇವರಾಯನು ರಾಯಚೂರಿಗೆ ನಡೆಸಿದ 1520ರ ದಂಡಯಾತ್ರೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ವರ್ಣಿಸಿದ್ದಾನೆ. ಒಬ್ಬೊಬ್ಬ ನಾಯಕನ ಹಿಂದೆ ಕಾಲಾಳು ಎಷ್ಟು, ಕುದುರೆ ಎಷ್ಟು, ಆನೆ ಎಷ್ಟು ಎಂದು ಅವನು ಬರೆದಿರುವುದನ್ನು ಓದಿದರೆ ಇಂದಿನ ಆಟಗಾರನ ಪಟ್ಟಿಯನ್ನೇ ಓದಿದಂತಾಗುತ್ತದೆ. ಮುಂಚೂಣಿಯ ನಾಯಕನೊಬ್ಬನಿಗೇ 30,000 ಕಾಲಾಳು, 1,000 ಕುದುರೆ! ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆಯಿರಬಹುದು. ಸೈನ್ಯಕ್ಕೆ ಮೂರು ನಾಲ್ಕು ಹರದಾರಿ ಮುಂದಾಗಿ ದಾರಿಯನ್ನು ನೋಡಿ ಬರಲು 50,000 ಮಂದಿ ಸಾಗುತ್ತಿದ್ದರೆಂದೂ ಅವನು ಹೇಳುತ್ತಾನೆ. ಎದುರಿನವನ ಬಲವನ್ನು ತಿಳಿಯುವುದಕ್ಕೆ ಅಂದಿನ ಅರಸರು ಎಷ್ಟು ವ್ಯಯ ಮಾಡುತ್ತಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

1565ರ ತಾಳಿಕೋಟೆಯ ಯುದ್ಧದಲ್ಲಿ ಕೂಡ ಒಬ್ಬರ ದಂಡು ಇನ್ನೊಬ್ಬರಿಗೆ ತಿಳಿಯದ್ದಲ್ಲ. ನಡುವೆ ಕೃಷ್ಣಾನದಿ, ಎರಡು ದಡದಲ್ಲಿ ಎರಡು ಪಾಳೆಯ. ಫೆರಿಸ್ತಾ ಬರೆದಿರುವ ಪ್ರಕಾರ, ದಾಟುವ ಕಡವನ್ನು ವಿಜಯನಗರದವರು ಬಲಪಡಿಸಿಕೊಂಡಿದ್ದುದರಿಂದ ಸುಲ್ತಾನರು ಬೇರೆ ಕಡವನ್ನು ಹುಡುಕುವವರಂತೆ ದಡದುದ್ದಕ್ಕೂ ನಡೆದರು. ಈಚೆಯ ದಡದವರೂ ಅವರಿಗೆ ಸಮನಾಗಿ ನಡೆದರು. ಆಮೇಲೆ ಸುಲ್ತಾನರು ಸರ್ರನೆ ಹಿಂದಿರುಗಿ, ಕಾವಲಿಲ್ಲದೆ ಬಿದ್ದಿದ್ದ ಮೊದಲಿನ ಕಡದಲ್ಲಿಯೇ ದಾಟಿದರು. ಬಚ್ಚಿಟ್ಟದ್ದು ಸೈನ್ಯವನ್ನಲ್ಲ, ಉದ್ದೇಶವನ್ನು. ಇಟಲಿಯ ವರ್ತಕ ಸೀಸರ್ ಫ್ರೆಡೆರಿಕ್ ಇನ್ನೊಂದು ಸಂಗತಿಯನ್ನು ಸೇರಿಸುತ್ತಾನೆ: ರಾಮರಾಯನ ಕಡೆಯ ಇಬ್ಬರು ಸೇನಾನಿಗಳು ಕಾಳಗದ ನಡುವೆ ತಿರುಗಿಬಿದ್ದರಂತೆ. ಇದು ಎಷ್ಟರಮಟ್ಟಿಗೆ ದಿಟವೆಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ದಿಟವಾದರೆ, ರಾಮರಾಯನಿಗೆ ತಿಳಿಯದೆ ಹೋದದ್ದು ತನ್ನದೇ ಪಟ್ಟಿಯೆಂದಾಯಿತು.

ಆದ್ದರಿಂದ ದಂಡಿನ ಬಲ, ಆಯುಧ, ಮಂತ್ರ, ಉಂಗುರ ಇವೆಲ್ಲ ಬಯಲಾಗಿರಲಿ. ಎಲ್ಲಿ ಅಡಗಿದ್ದಾರೆ, ಎತ್ತ ನುಗ್ಗುವರು ಎಂಬುದು ಗುಟ್ಟಾಗಿರಲಿ. ಗಾಬ್ಲಿನ್ನರ ಉನ್ಮತ್ತರಿಗೂ ಇದೇ ನ್ಯಾಯ ಒಪ್ಪುತ್ತದೆ. ಮೂವರಿದ್ದಾರೆಂದು ಹೇಳಿಬಿಡಬೇಕು; ಯಾವ ಗುಂಪಿನಲ್ಲಿ ಎಂಬುದನ್ನು ಮಾತ್ರ ಆಟಕ್ಕೆ ಮೊದಲೇ ಚೀಟಿಯಲ್ಲಿ ಬರೆದು ಮಡಿಸಿ ಮೇಜಿನ ಮೇಲೆ ಎಲ್ಲರ ಕಣ್ಣೆದುರಿಗೆ ಇಡಬೇಕು. ಆಟ ಮುಗಿದ ಮೇಲೆ ಎದುರಾಳಿಯೇ ಅದನ್ನು ಬಿಚ್ಚಿ ಓದಲಿ. ತಮ್ಮನ ಆ ಪ್ರಶ್ನೆಗೆ ಆಗ ಎಡೆಯೇ ಇರುವುದಿಲ್ಲ. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆಯ ಸಿಪಾಯಿಗಳ ಯುದ್ಧಕ್ಕೆ ನಿಯಮಗಳನ್ನು ಬರೆದಾಗ, ದಂಡನ್ನು ಹೂಡುವಷ್ಟು ಹೊತ್ತು ನಡುವೆ ತೆರೆ ಎಳೆದು, ಆಮೇಲೆ ಅದನ್ನು ತೆಗೆಯುವ ಉಪಾಯವನ್ನು ಹೇಳಿದ್ದನು. ಅದೂ ಕೆಟ್ಟದ್ದಲ್ಲ, ಹಳೆಯ ಪಂಚೆಯೊಂದಿದ್ದರೆ ಸಾಕು.

ಇನ್ನೂ ಹೆಚ್ಚಿನ ಗುಟ್ಟು ಬೇಕೆನ್ನುವವರಿಗೆ ಮಧ್ಯಸ್ಥನೊಬ್ಬ ಬೇಕೇ ಬೇಕು. ಪ್ರಷ್ಯದ ಸೈನ್ಯಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ ಯುದ್ಧದಾಟದಲ್ಲಿ ಎರಡು ಪಕ್ಷದವರೂ ತಮ್ಮ ಆಜ್ಞೆಗಳನ್ನು ಮಧ್ಯಸ್ಥನಿಗೆ ಬರೆದುಕೊಡುತ್ತಿದ್ದರು. ಯಾರ ಕಣ್ಣಿಗೆ ಏನು ಕಾಣಬಹುದೊ ಅದನ್ನಷ್ಟೇ ಅವನು ನಕ್ಷೆಯ ಮೇಲೆ ಇಡುತ್ತಿದ್ದನು. ಅದೇ ಹೆಸರಿನಲ್ಲಿ ಇಂಗ್ಲೆಂಡಿನ ಹೆನ್ರಿ ಮೈಕೆಲ್ ಟೆಂಪಲ್ 1899ರಲ್ಲಿ ಚದುರಂಗದ ಒಂದು ಮಾದರಿಯನ್ನು ಬಳಕೆಗೆ ತಂದನು. ಬೆಲೆಬಾಳುವ ಬೊಂಬೆಗಳಿಲ್ಲದ ಮನೆಯಲ್ಲಿಯೂ ಇದನ್ನು ಆಡಬಹುದು. ಬೇಕಾಗುವುದು ಮೂರು ಹಾಸು; ಎರಡನ್ನು ರಟ್ಟಿನ ಮೇಲೆ ಗೆರೆ ಎಳೆದು ಮಾಡಿಕೊಂಡರೂ ನಡೆಯುತ್ತದೆ. ಆಡುವವರಿಬ್ಬರು ಒಬ್ಬರಿಗೊಬ್ಬರು ಬೆನ್ನು ಮಾಡಿ, ತಂತಮ್ಮ ಹಾಸಿನಲ್ಲಿ ತಮ್ಮ ಕಾಯಿಗಳನ್ನು ಮಾತ್ರ ಕಾಣುತ್ತ ಕುಳಿತುಕೊಳ್ಳಬೇಕು. ಮೂರನೆಯ ಹಾಸಿನಲ್ಲಿ ಎರಡು ಪಕ್ಷದ ಕಾಯಿಗಳೂ ಇರುತ್ತವೆ. ಅದರ ಮುಂದೆ ಅಜ್ಜನನ್ನೊ ಅಜ್ಜಿಯನ್ನೊ ಕೂರಿಸಬಹುದು. ಇಟ್ಟ ನಡೆ ನಡೆಯದಿದ್ದರೆ "ಆಗದು" ಎನ್ನಬೇಕು, ಕಾಯಿ ಬಿದ್ದರೆ ಬಿದ್ದ ಮನೆಯನ್ನು ಹೇಳಬೇಕು, ರಾಜನಿಗೆ ಅಪಾಯ ಬಂದರೆ "ಶಹ" ಎನ್ನಬೇಕು. ಇದಕ್ಕಿಂತ ಹೆಚ್ಚು ಮಾತಿಗೆ ಮಧ್ಯಸ್ಥರಿಗೆ ಅಪ್ಪಣೆಯಿಲ್ಲ; ನಗುವುದಕ್ಕೂ ಇಲ್ಲ.