ಛಾಪಾ ಕಾಗದ ಮತ್ತು ನಾಲ್ಕು ಸಾಲಿನ ಮ್ಯಾಕ್ರೋ

ಕೆಲವು ವರ್ಷಗಳ ಹಿಂದೆ ಹನಗೋಡಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಣ್ಣಾರೆ ನೋಡಿದ್ದು. ಹಿರಿಯರೊಬ್ಬರು ಮನೆ ಭೋಗ್ಯದ ಕರಾರಿಗೆಂದು ಹುಣಸೂರಿಗೆ ಹೋಗಿ ಇ-ಸ್ಟಾಂಪ್ ಕಾಗದ ಮಾಡಿಸಿಕೊಂಡು ಬಂದಿದ್ದರು. ಮೂರು ಪುಟದ ಕರಾರು. ಹುಡುಗ ಛಾಪಾ ಕಾಗದವನ್ನು ಮೊದಲಿಟ್ಟು ಪ್ರಿಂಟ್ ಒತ್ತಿದ. ಅದರ ಮೇಲೆ ಬಂದಿದ್ದು ಮೂರನೇ ಪುಟ! ಕೊನೆಯಿಂದ ಮೊದಲಿಗೆ ಪ್ರಿಂಟ್ ಆಗುವಂತೆ ಯಾರೋ ಬದಲಿಸಿ ಹಾಗೇ ಬಿಟ್ಟಿದ್ದರು.

ಆ ಕಾಗದದಲ್ಲಿ ಎರಡೂ ಕಡೆಯವರ ಹೆಸರು, ಉದ್ದೇಶ, ಮೊತ್ತ ಎಲ್ಲಾ ಅಚ್ಚಾಗಿರುತ್ತೆ. ಇನ್ನೊಬ್ಬರಿಗೆ ಕೊಡೋಕಾಗಲ್ಲ. "ಹೋಗ್ಲಿ ಬುಡಪ್ಪ" ಅಂತ ಅವರು ಮತ್ತೆ ಬಸ್ಸು ಹತ್ತಿದರು. ನನಗೆ ಮಾತ್ರ ಬಿಡೋಕಾಗಲಿಲ್ಲ.

ತೆಲಗಿ ಹಗರಣದ ನಂತರ, 2008ರಲ್ಲಿ ಕರ್ನಾಟಕಕ್ಕೆ ಇ-ಸ್ಟಾಂಪ್ ಬಂತು. ಕಾಗದ ನಕಲಿಯಾಗದಂತೆ ಸರ್ಕಾರ ನೋಡಿಕೊಂಡಿತು. ತಪ್ಪು ಪ್ರಿಂಟ್ ಆಗದಂತೆ ನಾವೇ ನೋಡ್ಕೋಬೇಕಲ್ವಾ?

ಅದಕ್ಕೆ ವರ್ಡ್‌ನಲ್ಲಿ ನಾಲ್ಕು ಸಾಲಿನ ಮ್ಯಾಕ್ರೋ ಸಾಕು. 'ಪ್ರಿಂಟ್‌ಔಟ್' ಆಜ್ಞೆಗೆ ಮೊದಲನೇ ಪುಟ ಮಾತ್ರ ಅಂತ ಹೇಳಿ. ಆಮೇಲೆ "ಬಿಳಿ ಹಾಳೆ ಹಾಕಿ" ಅನ್ನೋ ಒಂದು ಸಂದೇಶ. ಓಕೆ ಒತ್ತಿದ ಮೇಲೆ ಎರಡರಿಂದ ಕೊನೆಯವರೆಗಿನ ಪುಟಗಳು. 'ಬ್ಯಾಕ್‌ಗ್ರೌಂಡ್' ಅನ್ನೋದನ್ನ 'ಫಾಲ್ಸ್' ಮಾಡೋದು ಮರೀಬೇಡಿ, ಇಲ್ಲಾಂದ್ರೆ ಮೊದಲ ಪುಟವನ್ನು ಪ್ರಿಂಟರಿಗೆ ಕಳಿಸಿ ಮುಗಿಯೋ ಮುಂಚೆಯೇ ಸಂದೇಶ ಬಂದು ಕೂರುತ್ತೆ. ಎರಡು ಟ್ರೇ ಇರೋ ಪ್ರಿಂಟರ್ ಆದ್ರೆ ಇನ್ನೂ ಸುಲಭ: ಮೊದಲ ಪುಟಕ್ಕೊಂದು, ಉಳಿದದ್ದಕ್ಕೊಂದು ಟ್ರೇ ಅಂತ ಮ್ಯಾಕ್ರೋದಲ್ಲೇ ಹೇಳಬಹುದು.

"ಪ್ರಿಂಟ್ ಕಿಟಕಿಯಲ್ಲಿ 1 ಅಂತ ಟೈಪ್ ಮಾಡಿದ್ರೆ ಆಯ್ತಲ್ಲ, ಇದೆಲ್ಲಾ ಯಾಕೆ?" ಅಂತೀರಾ? ಆಯ್ತು, ನೆನಪಿದ್ರೆ! ಎದುರಿಗೆ ಐದು ಜನ, ಒಬ್ಬರಿಗೆ ಬಸ್ಸಿನ ಅವಸರ, ಕರೆಂಟ್ ಯಾವಾಗ ಹೋಗುತ್ತೋ ಅನ್ನೋ ಭಯ... ಆಗ ಮನುಷ್ಯ ಮರೀತಾನೆ, ಮ್ಯಾಕ್ರೋ ಮರೆಯಲ್ಲ.

ವೈರಸ್ ಭಯವೂ ಸುಳ್ಳಲ್ಲ. 1999ರ ಮೆಲಿಸ್ಸಾ ಹರಡಿದ್ದು ವರ್ಡ್ ಮ್ಯಾಕ್ರೋದಿಂದಲೇ. 2022ರಿಂದ ಮೈಕ್ರೋಸಾಫ್ಟ್ ಇಂಟರ್ನೆಟ್ಟಿನಿಂದ ಇಳಿಸಿದ ಕಡತಗಳ ಮ್ಯಾಕ್ರೋಗಳನ್ನು ತಾನಾಗೇ ತಡೆಯೋಕೆ ಶುರು ಮಾಡಿದ್ದು ಒಳ್ಳೇದೇ ಆಯ್ತು. ಆದರೆ ಊರವರು ಕೊಟ್ಟ ಮ್ಯಾಕ್ರೋ ಬೇರೆ, ನಾವೇ ಬರೆದುಕೊಂಡಿದ್ದು ಬೇರೆ. ಕಳ್ಳರ ಭಯಕ್ಕೆ ನಮ್ಮ ಮನೆ ಬಾಗಿಲನ್ನೇ ಗೋಡೆ ಮಾಡ್ತೀವಾ?

ನಮ್ಮ ಕಡೆ ಕಂಪ್ಯೂಟರ್ ಕ್ಲಾಸುಗಳಲ್ಲಿ ಅಕ್ಷರ ದಪ್ಪ ಮಾಡೋದು, ಬಣ್ಣ ಹಾಕೋದು ಹೇಳಿಕೊಡ್ತಾರೆ. ಜೊತೆಗೆ ಈ ನಾಲ್ಕು ಸಾಲನ್ನೂ ಕಲಿಸಲಿ. ಮೊದಲು ಬಿಳಿ ಹಾಳೆ ಮೇಲೆ ಪರೀಕ್ಷೆ ಮಾಡಿ, ಆಮೇಲೆ ಛಾಪಾ ಕಾಗದ. ಒಬ್ಬ ಹಿರಿಯರ ಒಂದು ದಿನ ಉಳಿದರೂ ಕಲಿತಿದ್ದು ಸಾರ್ಥಕ :)